ತವರಿನಲ್ಲಷ್ಟೇ ಸಲೀಸಾಗುತ್ತಿದ್ದ ಉಸಿರು

ಯಲಬುರ್ಗಾ ಹತ್ತಿರದ ನಮ್ಮೂರಿನಲ್ಲಿ ನನ್ನ ದಮ್ಮಿಗೆ ಒಂದು ಹೆಸರಿತ್ತು: ತವರುಮನಿ ದಮ್ಮು. ಹೆಸರಿಟ್ಟವರು ನಮ್ಮ ಅತ್ತೆ. ಗಂಡನ ಮನೆಯಲ್ಲಿ ನನ್ನ ಎದೆ ಸುಯ್ಯೆನ್ನುತ್ತಿತ್ತು. ಪಂಚಮಿಗೆ ಹನುಮಸಾಗರದ ತವರಿಗೆ ಹೋದರೆ ನಾಲ್ಕಾರು ದಿನದಲ್ಲಿ ಆರಾಮ. ತಿರುಗಿ ಬಂದರೆ ಮತ್ತೆ ಶುರು.

"ತವರಿನ ನೀರು ಕುಡದ್ರ ಸಾಕ್ ನೋಡ್ರಿ ನಮ್ಮ ಸೊಸಿಗಿ," ಎಂದು ಅತ್ತೆ ಹಿಟ್ಟು ಬೀಸಿಸಲು ಬಂದವರ ಮುಂದೆಯೇ ಹೇಳುತ್ತಿದ್ದರು. ಬಂದವರು ನಗುತ್ತಿದ್ದರು. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಗೋಧಿ ಸುರಿ, ಹಿಟ್ಟು ತುಂಬು, ಡಬ್ಬಿ ಕೊಡು, ಅಷ್ಟೇ.

ಗಿರಣಿ ನನ್ನದು. ಮದುವೆಯಾದ ಹೊಸದರಲ್ಲಿ ನಮ್ಮವರು ಮನೆಗೆ ಹೊಂದಿಸಿ ಕೋಣೆ ಕಟ್ಟಿ ಹಾಕಿಸಿಕೊಟ್ಟಿದ್ದರು. "ನೀ ಬಿಸಲಾಗ ಹೊಲಕ್ಕ ಬರಬ್ಯಾಡ, ನೆಳ್ಳಾಗ ದುಡಿ," ಎಂದಿದ್ದರು. ಬೋರ್ಡಿನ ಮೇಲೆ ನನ್ನ ಹೆಸರು ಬರೆಸಿದ್ದರು. ಅಷ್ಟು ಪ್ರೀತಿಯಿಂದ ನನಗೆ ಯಾರೂ ಏನನ್ನೂ ಕೊಟ್ಟಿರಲಿಲ್ಲ.

ಅತ್ತೆಯ ಮಾತಿಗೆ ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನನಗೆ ಗಾಳಿ ಆಡಲಿ ಎಂದು ಹೇಳಿ ತಮ್ಮ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಈ ಮನೆಯೇ ನನಗೆ ಒಗ್ಗುವುದಿಲ್ಲವೇನೋ ಎಂದು ನಾನೂ ನಂಬತೊಡಗಿದ್ದೆ. ನಂಬಿದ್ದಕ್ಕೆ ದುಃಖವೂ ಆಗಲಿಲ್ಲ.

ಒಮ್ಮೆ ದಮ್ಮು ಜೋರಾಗಿ ಕೊಪ್ಪಳಕ್ಕೆ ಹೋದಾಗ ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದೇ ನನ್ನ ಕೆಲಸವನ್ನು. ಆಮೇಲೆ, "ಗಿರಣಿ ಬಂದ್ ಇದ್ದಾಗ ಉಸಿರು ಹ್ಯಾಂಗಿರತೈತ್ರಿ?" ಎಂದರು. ನಾನು ತವರಿಗೆ ಹೋದಾಗ ಬಿಟ್ಟರೆ ಗಿರಣಿ ಬಂದ್ ಆದದ್ದೇ ಇಲ್ಲ ಎಂದೆ.

ಊದಿದರೆ, ಉಸಿರು ಸಲೀಸಿದ್ದಷ್ಟೂ ಮುಳ್ಳು ಮೇಲೇರುವ ಒಂದು ನಳಿಗೆ ಕೊಟ್ಟರು. ಗಿರಣಿ ನಡೆಸುವ ದಿನಗಳಲ್ಲೂ ಊದಿ ನೋಡಬೇಕು, ಬಂದ್ ಇಟ್ಟ ದಿನಗಳಲ್ಲೂ ನೋಡಬೇಕು ಎಂದರು.

"ತವರಿಗೆ ಹೋಗಬ್ಯಾಡ. ಇಲ್ಲೇ ಇರು, ಗಿರಣಿ ಬಂದ್ ಇಡೂಣು," ಎಂದರು ನಮ್ಮವರು. ದಿನಾ ಬೆಳಿಗ್ಗೆ ಎದುರಿಗೆ ಕೂತು ಮುಳ್ಳನ್ನೇ ನೋಡುತ್ತಿದ್ದರು. ಅದೇ ಮನೆ, ಅದೇ ಅತ್ತೆ, ಅದೇ ಗಂಡ. ಮುಳ್ಳು ಏರುತ್ತಾ ಹೋಯಿತು.

"ಹಂಗಾರ ನನ್ನಿಂದಲ್ಲ?" ಎಂದರು.

ಇಷ್ಟು ವರ್ಷ ಅವರ ಹೊಟ್ಟೆಯೊಳಗೆ ಏನಿತ್ತೆಂಬುದು ಆಗ ತಿಳಿಯಿತು. ಅಳು ಬರಬೇಕಿತ್ತು, ಬರಲಿಲ್ಲ. "ಅಲ್ರಿ," ಎಂದೆ. ಅವತ್ತೇ ಹಾಸಿಗೆ ಒಳಗೆ ಬಂತು.

ಗಿರಣಿ ಮತ್ತೆ ಶುರು ಮಾಡಿದಾಗ ಮುಳ್ಳು ಇಳಿಯಿತು. ಹಿಟ್ಟಿನ ಧೂಳೇ ಕಾರಣ, ಔಷಧಿ ತಪ್ಪಿಸಬೇಡಿ, ಹಿಟ್ಟಿನಿಂದ ದೂರ ಇರಿ ಎಂದರು ಡಾಕ್ಟರು. ಮುಖಕ್ಕೆ ಸೆರಗು ಸುತ್ತಿಕೊಂಡರೆ ನಡೆಯುತ್ತದೆಯೇ ಎಂದು ಕೇಳಿದೆ. ಸಾಲುವುದಿಲ್ಲ ಎಂದರು.

ಗಿರಣಿ ಮಾರಲು ನಾನು ಒಪ್ಪಲಿಲ್ಲ. ಈಗ ನಮ್ಮವರೇ ನಡೆಸುತ್ತಾರೆ. ಹೊಲ ಪಾಲಿಗೆ ಕೊಟ್ಟಿದ್ದೇವೆ. ಅತ್ತೆ ಆ ಹಳೇ ಹೆಸರನ್ನು ಬಿಟ್ಟಿದ್ದಾರೆ. ಪಾಪ, ಹೊಸದಿನ್ನೂ ಸಿಕ್ಕಿಲ್ಲ.

ಸಂಜೆ ಅವರು ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಾರೆ. ನಾನು ಚಹಾ ಹಿಡಿದು ಎದ್ದರೆ, "ಅಲ್ಲೇ ನಿಂದ್ರು, ಜಳಕಾ ಮಾಡಿ ಬರ್ತೀನಿ," ಎಂದು ಅಂಗಳದಿಂದಲೇ ಕೈ ಅಡ್ಡ ಹಿಡಿಯುತ್ತಾರೆ. ಮೊನ್ನೆ ಯಾವುದೋ ಖುಷಿಯಲ್ಲಿ ಮರೆತು ನೇರ ಒಳಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಗೊತ್ತಾಗದಿರಲಿ ಎಂದು ಉಸಿರು ಬಿಗಿಹಿಡಿದು ನಿಂತೆ. ಕೆಮ್ಮು ತಡೆಯಲಾಗಲಿಲ್ಲ. ಅವರು ಕೈ ತೆಗೆದು ಹಿಂದೆ ಸರಿದರು.