ಗರಸಿನ ಗುಡ್ಡದ ಮಾಲಕ

ಮದುವೆಯಾದ ಹೊಸತರಲ್ಲಿ ನಾನು, ನನ್ನ ಗಂಡ, ಮಾವ ಮೂವರೂ ಹುಬ್ಬಳ್ಳಿಯಿಂದ ಉಣಕಲ್ಲಿಗೆ ಹೋಗುವ ದಾರಿಯಲ್ಲಿ, ಒಂದು ಗುಡ್ಡದ ಬುಡದ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನ ಗಂಡ-ಹೆಂಡತಿ. ಆಕೆಯನ್ನು ನಾನು ಅವರ ಮಾತಿನಲ್ಲೇ ಖಾಲಾ, ಚಿಕ್ಕಮ್ಮ, ಎನ್ನುತ್ತಿದ್ದೆ. ಎರಡೂ ಮನೆಗಳ ಮಾಲಕನೇ ಗುಡ್ಡಕ್ಕೂ ಮಾಲಕ. ರಸ್ತೆಗೆ ಹಾಕುವ ಗರಸು ಮಣ್ಣಿಗಾಗಿ ನಮ್ಮ ಹಿತ್ತಲಿನಾಚೆಯೇ ಗುಡ್ಡದ ಬುಡ ಅಗೆಸುತ್ತಿದ್ದ. ಬೇಸಿಗೆ ಮುಗಿಯುವ ಹೊತ್ತಿಗೆ ಗುಡ್ಡ ಗೋಡೆಯಂತೆ ನೆಟ್ಟಗೆ ನಿಂತಿತ್ತು.

ಮೊದಲ ಮಳೆಗೇ ಮಣ್ಣಿನ ಹೆಂಟೆಗಳು ಹಿತ್ತಲಿಗೆ ಉರುಳಿದವು. ಖಾಲಾಳ ಗಂಡ ಮಾಲಕನಿಗೆ ಕೈಮುಗಿದ.

"ಸಾವಕಾರ್ರ, ಇನ್ನ ಅಗಸಬ್ಯಾಡ್ರಿ. ಮ್ಯಾಲೆ ಬಿರುಕು ಬಿಟ್ಟೈತಿ."

"ಗುಡ್ಡಕ್ಕ ಕಾಲದಾವೇನು, ನಡಕೋತ ಬರಾಕ? ಅಂಜಿಕಿ ಇದ್ರ ಮನಿ ಬಿಡು," ಎಂದು ಅವನು ನಮ್ಮ ಅಂಗಳದಲ್ಲೇ ಎಲೆಅಡಿಕೆ ಉಗುಳಿ ಹೋದ.

ಶ್ರಾವಣದ ಜಡಿಮಳೆ ಹಿಡಿಯಿತು. ಒಂದು ಮಧ್ಯಾಹ್ನ ಖಾಲಾ ನಮ್ಮ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಿದ್ದಾಗ, ಚಕ್ಕಡಿಗಟ್ಟಲೆ ಕಲ್ಲು ಸುರಿದಂಥ ಸದ್ದಾಯಿತು. ಹೊರಗೆ ಓಡಿದರೆ ಅವಳ ಮನೆಯ ಹಿಂಭಾಗವೇ ಇರಲಿಲ್ಲ. ಓಣಿಯವರೆಲ್ಲ ಮಣ್ಣು ಕೆದರಿದರು. ಒಳಗಿದ್ದ ಅವಳ ಗಂಡ ಸಂಜೆಗೆ ಸಿಕ್ಕ, ಉಸಿರಿರಲಿಲ್ಲ. ಅವನ ಬಾಯೊಳಗಿನ ಮಣ್ಣನ್ನು ಖಾಲಾಳೇ ಬೆರಳಿನಿಂದ ತೆಗೆದಳು.

ಮಳೆ ಹೊಳವಾದೊಡನೆ ಮಾಲಕ ಬಂದ. ದುಃಖದಲ್ಲಿದ್ದ ಖಾಲಾಳನ್ನು ಮಾತಾಡಿಸಲು ಬಂದನೆಂದುಕೊಂಡೆವು. ಹಿಂದೆ ಚಕ್ಕಡಿಗಳಿದ್ದವು.

"ಅಗಿಯೂ ಕೆಲಸ ಮಳೀನ ಮಾಡೇತಿ. ಲಗೂ ತುಂಬ್ರಿ," ಎಂದು ಆಳುಗಳಿಗೆ ಹೇಳಿದ.

"ಅದರಾಗ ನನ್ನ ಮನಿ ಐತ್ರಿ," ಎಂದಳು ಖಾಲಾ.

ಅವನು ಅತ್ತ ತಿರುಗಲೂ ಇಲ್ಲ. ಕೆಸರು ಮೆತ್ತಿದ ಅರಳೆ, ಗಾದಿಯ ಚೂರು, ಎಲ್ಲವೂ ಮಣ್ಣಿನೊಂದಿಗೆ ಚಕ್ಕಡಿ ಏರಿದವು.

ನಮ್ಮ ಮಾವ ಅಂಥವನಿಗೂ ಕಂಬಳಿ ಹಾಸಿ, "ಬರ್ರಿ, ಚಾ ಕುಡೀರಿ," ಎಂದರು. ಅವನು ಬಸಿಗೆ ಸುರಿದುಕೊಂಡು ಸೊರ್ರೆಂದು ಕುಡಿದ. ಅವನು ಹೋದಮೇಲೆ ಕಪ್ಪು-ಬಸಿ ಒಯ್ದು ತಿಪ್ಪೆಗೆ ಎಸೆದೆ.

"ಹುಚ್ಚ ಹಿಡದೈತೇನ ನಿನಗ?" ಎಂದರು ಮಾವ.

"ತೊಳದ್ರ ಹೋಗೂ ಹೊಲಸಲ್ರಿ ಅದು, ಮಾವಾರ."

ಖಾಲಾ ಬೈರಿದೇವರಕೊಪ್ಪದ ಅಣ್ಣನ ಮನೆ ಸೇರಿದಳು. ನಾವೂ ಮನೆ ಬಿಟ್ಟು ಊರೊಳಗೆ ಬಂದೆವು. ದೀಪಾವಳಿಗೆ ಮೊದಲೇ ಮಾಲಕ ಖಾಲಾಳ ಮನೆಯ ಬಿದ್ದ ಗೋಡೆ ಎಬ್ಬಿಸಿ, ಸುಣ್ಣ ಬಳಿಸಿ, ಬೇರೆ ಬಾಡಿಗೆಯವರನ್ನು ತಂದನೆಂದು ತಿಳಿಯಿತು. ತಡೆಯಲಾಗದೆ ಹೋಗಿ ಆ ಮನೆಗೆ ಬಂದ ಹೆಂಗಸಿಗೆ ಎಲ್ಲ ಹೇಳಿದೆ.

ಅವಳು ಬೆಪ್ಪಾದಳು. "ಇಲ್ಲಿದ್ದಾಂವ ಜ್ವರ ಬಂದು ಸತ್ತಾನಂತ ಮಾಲಕರು ಹೇಳ್ಯಾರ್ರಿ!"

ಅವರು ಆ ವಾರವೇ ಮನೆ ಬಿಟ್ಟರು. ಅವನು ಮತ್ತೊಬ್ಬರನ್ನು ತಂದಿಟ್ಟ.