ತಿಪ್ಪೆಯ ಬದಿಯ ಮಣ್ಣು

ಕಳೆದ ವಾರ ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಬಾಗಿಲು ತೆರೆದಾಗ ಒಂದು ಹಳೆಯ ವಾಸನೆ ಎದುರಾಯಿತು. ದಿನಪತ್ರಿಕೆಯ ಹಾಳೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಲು ಬಿಟ್ಟ ಮಣ್ಣಿನ ವಾಸನೆ. ಬಿಸಿಲಿನಲ್ಲಿ ಒಣಗಿದ ಮಣ್ಣಿಗೆ ಅದು ಬರುವುದಿಲ್ಲ. ಮುಚ್ಚಿದ ಕೋಣೆಯೊಳಗೆ ಇರುಳಿಡೀ ಮೆಲ್ಲಗೆ ಆರಿದ ಮಣ್ಣಿಗೆ ಮಾತ್ರ ಬರುತ್ತದೆ. ವಸ್ತುಪ್ರದರ್ಶನಕ್ಕೆಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಸಂಜೆ ಅದನ್ನು ಅಲ್ಲಿ ಹರಡಿ ಹೋಗಿದ್ದಳು. ನಾನು ಭದ್ರಾವತಿಯ ಕಾಗದನಗರದ ಬಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಮಣ್ಣಿನ ಮೇಡಂ ನೆನಪಾದರು…

ನಮ್ಮೂರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನನಗೆ ತಿಳಿಯದು. ಕುಂಸಿಯಿಂದ ಒಳಗೆ, ಮೆಕ್ಕೆಜೋಳದ ಹೊಲಗಳ ನಡುವೆ ಇರುವ ಊರು ನಮ್ಮದು. ಮೇಡಂ ಕೃಷಿ ಇಲಾಖೆಯಿಂದ ಬರುತ್ತಿದ್ದರು. ಅವರ ಮನೆ ಭದ್ರಾವತಿಯಲ್ಲಿ. ಅಲ್ಲಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಶಿವಮೊಗ್ಗದಿಂದ ಕುಂಸಿಗೆ ಇನ್ನೊಂದು, ಆಮೇಲೆ ಯಾರದಾದರೂ ಟ್ರ್ಯಾಕ್ಟರು ಸಿಕ್ಕರೆ ಅದು, ಇಲ್ಲವಾದರೆ ನಡಿಗೆ. ಗಿಡ್ಡನೆಯ ಹೆಂಗಸು. ಸೀರೆಯ ಕೆಳಗೆ ಕಪ್ಪು ಬೂಟು ಹಾಕುತ್ತಿದ್ದರು. ಅದನ್ನು ನೋಡಿ ಊರಿನ ಹೆಂಗಸರು ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು.

ಅವರ ಬಗ್ಗೆ ಊರಿಗೆ ಇನ್ನೂ ದೊಡ್ಡ ನಗೆಯೊಂದಿತ್ತು. ಮೇಡಂ ದನಗಳಿಗೆ ಹೆದರುತ್ತಿದ್ದರು. ಕಟ್ಟಿ ಹಾಕಿದ ಹಸುವಾದರೂ ಸರಿಯೆ, ಅದು ತಲೆ ಎತ್ತಿದರೆ ಅವರು ರಸ್ತೆಯ ಆಚೆಗೆ ಸರಿಯುತ್ತಿದ್ದರು.

“ಏನ್ ಮೇಡಮ್ಮೋರೆ, ಕರುಗೆ ಹೆದರೋರು ನಮಗೆ ಬೇಸಾಯ ಹೇಳ್ಕೊಡ್ತೀರಾ?” ಎಂದು ಹಾಲಿನ ಡೇರಿಯ ಕಟ್ಟೆಯಿಂದ ಯಾರೋ ಕೇಳಿದ್ದರು.

“ನನ್ನ ಇಲಾಖೆ ಮಣ್ಣು ಮಾರಾಯ. ದನದ ಡಾಕ್ಟ್ರು ಬೇರೆ ಇದಾರೆ, ಧೈರ್ಯ ಬೇಕಾಗಿರೋದು ಅವರಿಗೆ!” ಎಂದು ಮೇಡಂ ರಸ್ತೆಯಿಂದಲೇ ಕೂಗಿ ಉತ್ತರ ಕೊಟ್ಟರು.

ಅವರು ರೈತರ ಮನೆಯಲ್ಲಿ ಹುಟ್ಟಿದವರಲ್ಲ. ತಂದೆ ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸಗಾರರಾಗಿದ್ದರು. ತಮ್ಮ ಮನೆಯಲ್ಲಿ ಮಣ್ಣೆಂದರೆ ತುಳಸಿಕಟ್ಟೆಯಲ್ಲಿ ಇದ್ದಷ್ಟೇ ಎಂದು ಅವರೇ ಹೇಳುತ್ತಿದ್ದರು. ಬಹುಶಃ ಅದಕ್ಕೇ ಇರಬೇಕು, ನಮಗೆ ಕಾಲಿಗಂಟುವ ಕೆಸರಾಗಿದ್ದುದನ್ನು ಅವರು ಎರಡು ಬೆರಳುಗಳ ನಡುವೆ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಹೊಸ ಬಟ್ಟೆಯ ನೇಯ್ಗೆ ನೋಡುವವರಂತೆ ನೋಡುತ್ತಿದ್ದರು.

ನಮ್ಮ ಯುವಕ ಸಂಘಕ್ಕೆ ಆ ಕಾಲದಲ್ಲಿ ಎರಡೇ ಕೆಲಸಗಳಿದ್ದವು: ಗಣಪತಿ ಕೂರಿಸುವುದು ಮತ್ತು ಕಬಡ್ಡಿ. ಗ್ರಾಮೀಣ ಯುವಜನರಿಗೆ ಕೃಷಿ ತರಬೇತಿ ಎಂಬ ಕಾರ್ಯಕ್ರಮದಡಿ ಮೇಡಂ ಆ ಸಂಘವನ್ನೇ ಹಿಡಿದುಕೊಂಡರು. ಬಿತ್ತನೆಗೆ ಮೊದಲು ಊರಿನ ಪ್ರತಿಯೊಂದು ಹೊಲದ ಮಣ್ಣನ್ನು ಸಂಗ್ರಹಿಸಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಅದನ್ನು ಊರಿನ ಮಕ್ಕಳೇ ಮಾಡಬೇಕು ಎಂದರು. ಹುಡುಗಿಯರನ್ನೂ ಮನೆಮನೆಗೆ ಹೋಗಿ ಕರೆತಂದರು.

ಆ ಬೇಸಿಗೆಯಲ್ಲಿ ನಾನು ದ್ವಿತೀಯ ಪಿಯುಸಿಯಲ್ಲಿ ನಾಪಾಸಾಗಿದ್ದೆ. ರಸಾಯನಶಾಸ್ತ್ರ ಕೈಕೊಟ್ಟಿತ್ತು. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೊಬ್ಬನೇ. ಹೀಗಾಗಿ ನಾಪಾಸಾಗುವುದನ್ನು ಹೇಗೆ ನಿಭಾಯಿಸಬೇಕು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಫಲಿತಾಂಶ ಬಂದ ದಿನದಿಂದ ಅಪ್ಪ ನನ್ನೊಡನೆ ಮಾತು ಬಿಟ್ಟರು. ಅವರಿಗೆ ಹೇಳಬೇಕಾದದ್ದನ್ನು ನಾನು ಅವ್ವನಿಗೆ ಹೇಳುತ್ತಿದ್ದೆ. ಅವರೂ ಹಾಗೆಯೇ ಮಾಡುತ್ತಿದ್ದರು. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ ಸೋದರಮಾವ, ಬಿತ್ತನೆ ಮುಗಿದ ಮೇಲೆ ನನ್ನನ್ನು ಅಲ್ಲಿಗೆ ಸೇರಿಸುವುದಾಗಿ ಹೇಳಿ ಹೋಗಿದ್ದರು. ಕಾಲೇಜಿನ ಉಪನ್ಯಾಸಕರ ಒತ್ತಾಯಕ್ಕೆ ಪೂರಕ ಪರೀಕ್ಷೆಯ ಶುಲ್ಕ ಕಟ್ಟಿದ್ದೆನಾದರೂ ಬರೆಯುವ ಮನಸ್ಸು ಇರಲಿಲ್ಲ. ಒಮ್ಮೆ ನಾಪಾಸಾದವನನ್ನು ಜನ ಮರೆಯಬಹುದು, ಎರಡು ಸಲ ಆದವನನ್ನು ಮರೆಯಲಾರರು ಎಂಬುದು ಆಗಿನ ನನ್ನ ಲೆಕ್ಕಾಚಾರವಾಗಿತ್ತು.

ಮನೆಯಲ್ಲಿ ಇರಲಾರದೆ ಮೇಡಂ ಹಿಂದೆ ಅಲೆದೆ. ಅವರು ಕಲಿಸಿದ ಕ್ರಮ ಇಂದಿಗೂ ನನ್ನ ಕೈಯಲ್ಲಿದೆ. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಅಲ್ಲಲ್ಲಿ ಗೇಣುದ್ದದ ಗುಂಡಿ ತೋಡಬೇಕು. ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದು ಪದರ ಕೆರೆದು ತೆಗೆಯಬೇಕು. ಎಲ್ಲವನ್ನೂ ಗೋಣಿಯ ಮೇಲೆ ಬೆರೆಸಿ ರೊಟ್ಟಿಯಂತೆ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಚೆಲ್ಲಬೇಕು. ಉಳಿದುದನ್ನು ಮತ್ತೆ ಬೆರೆಸಿ ಮತ್ತೆ ಭಾಗ… ಹಿಡಿಯಷ್ಟು ಉಳಿಯುವವರೆಗೂ. ಹಸಿಯಿದ್ದರೆ ಅದನ್ನು ಶಾಲೆಯ ಕೋಣೆಯಲ್ಲಿ ದಿನಪತ್ರಿಕೆಯ ಮೇಲೆ ಹರಡಿ ನೆರಳಿನಲ್ಲಿ ಆರಲು ಬಿಡಬೇಕು. ಬದುವಿನ ಹತ್ತಿರ, ಮರದ ಕೆಳಗೆ, ತಿಪ್ಪೆಯ ಬದಿಯಲ್ಲಿ ಮಾತ್ರ ತೆಗೆಯಬಾರದು. ಅಲ್ಲಿಯ ಮಣ್ಣು ಇಡೀ ಹೊಲದ ಬಗ್ಗೆ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು.

ಒಮ್ಮೆ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಧೈರ್ಯ ಮಾಡಿ ಅವರನ್ನು ಕೇಳಿದೆ. “ಮೇಡಂ, ನೀವು ಯಾವತ್ತಾದ್ರೂ ಫೇಲಾಗಿದ್ರಾ?”

“ಇಲ್ಲಪ್ಪ. ಸುಳ್ಳು ಯಾಕೆ ಹೇಳ್ಲಿ? ನಾನು ಕ್ಲಾಸಿಗೇ ಫಸ್ಟು,” ಎಂದು ಉಪ್ಪಿನಕಾಯಿಯ ಹೋಳೊಂದನ್ನು ನನ್ನ ಅನ್ನದ ಮೇಲೆ ಹಾಕಿದರು. ಸಮಾಧಾನವನ್ನು ನಿರೀಕ್ಷಿಸಿದ್ದ ನನಗೆ ಆಗ ಬೇಸರವಾಗಿತ್ತು.

ಊರಿನ ಎಷ್ಟೋ ಹೊಲಗಳಲ್ಲಿ ಗುಂಡಿ ತೋಡಿದ ನಾನು ನಮ್ಮ ಹೊಲಕ್ಕೆ ಮಾತ್ರ ಹೋಗಿರಲಿಲ್ಲ. ಹೋಗಬೇಕೆಂದರೆ ಅಪ್ಪನನ್ನು ಕೇಳಬೇಕಿತ್ತು. ಮಣ್ಣು ಕಳುಹಿಸುವ ದಿನ ಬಂತು. ಸಂಘದ ಮಕ್ಕಳು ತೆಗೆದ ಚೀಲಗಳ ಜೊತೆಗೆ, ಮಕ್ಕಳನ್ನು ನಂಬದ ಕೆಲವು ಹಿರಿಯರು ತಾವೇ ತುಂಬಿ ತಂದ ಚೀಲಗಳೂ ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ನಾನು ಚೀಟಿ ಬರೆದು ಕಟ್ಟುತ್ತಿದ್ದೆ. ಆಗ ಅಪ್ಪ ಬಂದರು. ಒಗೆದ ಅಂಗಿ ಹಾಕಿದ್ದರು. ನನ್ನನ್ನು ದಾಟಿ ನೇರವಾಗಿ ಮೇಡಂ ಬಳಿ ಹೋಗಿ ಬಟ್ಟೆಯ ಚೀಲವೊಂದನ್ನು ಎರಡೂ ಕೈಗಳಲ್ಲಿ ಕೊಟ್ಟರು.

ಮೇಡಂ ಚೀಲ ಬಿಚ್ಚಿದರು. ಮಣ್ಣು ಕಪ್ಪಗೆ, ಹಿಟ್ಟಿನಷ್ಟು ನುಣುಪಾಗಿತ್ತು. ಅವ್ವನ ರಾಗಿ ಜರಡಿ ಬೆಳಿಗ್ಗೆ ಏಕೆ ಕಾಣೆಯಾಗಿತ್ತು ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಮೇಡಂ ಒಂದು ಚಿಟಿಕೆ ಉಜ್ಜಿ ಮೂಸಿದರು.

“ಯಜಮಾನ್ರೆ, ಈ ಮಣ್ಣಿಗೆ ಗೊಬ್ಬರ ಯಾಕೆ? ಇದನ್ನೇ ಮೂಟೆ ಕಟ್ಟಿ ಮಾರ್ಬೋದಲ್ಲ!”

“ತಿಪ್ಪೆ ಬುಡದ್ದು ಮೇಡಮ್ಮೋರೆ, ಕೋಳಿ ಪುಕ್ಕ ಕಾಣ್ತಾ ಇಲ್ವಾ?” ಎಂದು ಜಗಲಿಯ ಮೂಲೆಯಿಂದ ಒಬ್ಬರು ಕೂಗಿದರು. ಎಲ್ಲರೂ ನಕ್ಕರು. ಚೀಟಿ ಬರೆಯುತ್ತಿದ್ದ ನಾನು ತಲೆ ಎತ್ತಲಿಲ್ಲ.

ಅಪ್ಪ ನಗುವವರ ಕಡೆ ತಿರುಗಲಿಲ್ಲ. “ಮತ್ತೇನ್ ಮಾಡ್ಲಿ ಮೇಡಮ್ಮೋರೆ? ಶಿವಮೊಗ್ಗದಾಗೆ ಪರೀಕ್ಷೆ ಮಾಡ್ತಾರಂತೆ. ಮನೇಲಿ ಈಗಾಗ್ಲೇ ಒಬ್ಬ ಫೇಲಾಗಿದಾನೆ. ಹೊಲನೂ ಫೇಲಾದ್ರೆ ನಾನು ಊರಾಗೆ ಹೆಂಗೆ ಓಡಾಡ್ಲಿ?”

ನಗು ನಿಂತಿತು. ಅಷ್ಟು ದಿನ ಅಪ್ಪನ ಮೌನವನ್ನು ನಾನು ಸಿಟ್ಟೆಂದು ತಿಳಿದಿದ್ದೆ. ಅವರು ಹೆದರಿದ್ದರು… ನನ್ನ ಹಾಗೆಯೇ.

ಮೇಡಂ ಜಗಲಿಯಿಂದ ಇಳಿದು ಚೀಲವನ್ನು ಶಾಲೆಯ ದಾಸವಾಳದ ಬುಡಕ್ಕೆ ಸುರಿದರು. “ಒಳ್ಳೆ ಮಣ್ಣು, ಹಾಳ್ಮಾಡ್ಬಾರ್ದು,” ಎಂದರು. ಬರಿದಾದ ಚೀಲವನ್ನು ಕೊಡವಿ, ಅದರೊಡನೆ ಇಲಾಖೆಯ ಚೀಲವೊಂದನ್ನು ಸೇರಿಸಿ ನನ್ನ ಕೈಗಿಟ್ಟರು. “ನಿಮ್ಮಪ್ಪನ ಜೊತೆ ಹೋಗಿ ಹೊಲದ್ದು ತಗೊಂಡ್ ಬಾ. ಬೆಳೆ ಏಳದೇ ಇರೋ ಜಾಗ ಇದ್ರೆ ಅದನ್ನ ಈ ಚೀಲದಲ್ಲಿ ಬೇರೆ ತಾ. ನಾಲ್ಕು ಗಂಟೆ ಬಸ್ಸಿಗೆ ನಾನು ಹೋಗ್ಬೇಕು, ಬೇಗ.”

ನಾವಿಬ್ಬರೂ ಜಗಲಿ ಇಳಿಯುವಾಗ ನನ್ನ ಹಿಂದೆ ಸದ್ದಾಯಿತು. ತಿರುಗಿ ನೋಡಿದರೆ, ಕೋಳಿಯ ಪುಕ್ಕ ಕಂಡವರೇ ಮೊದಲಾಗಿ ಮೂರು ನಾಲ್ಕು ಮಂದಿ ಹಿರಿಯರು ತಮ್ಮ ತಮ್ಮ ಚೀಲಗಳನ್ನು ಹುಡುಕಿ ಮೆಲ್ಲಗೆ ಕಂಕುಳಿಗೆ ಸೇರಿಸಿಕೊಳ್ಳುತ್ತಿದ್ದರು!

ಹೊಲದಲ್ಲಿ ಅಪ್ಪ ಮುಂದೆ, ನಾನು ಹಿಂದೆ. ಅವರು ಗುದ್ದಲಿ ಹಾಕಿದರು, ನಾನು ಮಣ್ಣು ಕೆರೆದೆ. ಕೊನೆಗೆ ಅವರು ಪಶ್ಚಿಮದ ಮೂಲೆಗೆ ಹೋಗಿ ನಿಂತರು. ಪ್ರತಿವರ್ಷವೂ ಅಲ್ಲಿ ಜೋಳ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗುತ್ತಿತ್ತು. ರಸ್ತೆಗೆ ಕಾಣಬಾರದೆಂದು ಅಪ್ಪ ಅಲ್ಲಿ ಬೇಲಿಗೆ ಮುಳ್ಳು ಹೆಚ್ಚು ಹೊದಿಸುತ್ತಿದ್ದರು. “ಇಲ್ಲಿ ತೆಗಿ,” ಎಂದರು. ಎಷ್ಟೋ ದಿನಗಳ ಮೇಲೆ ಅವರು ನನಗೆ ಆಡಿದ ಮೊದಲ ಮಾತು ಅದು. ನಾನು ಗೋಣಿ ಹಾಸಿ ಮಣ್ಣನ್ನು ನಾಲ್ಕು ಭಾಗ ಮಾಡುವುದನ್ನು ಅವರು ಬದುವಿನ ಮೇಲೆ ಕೂತು, ಬೀಡಿ ಹಚ್ಚುವುದನ್ನೂ ಮರೆತು ನೋಡಿದರು.

ವರದಿ ಬಂದದ್ದು ಬಿತ್ತನೆಗೆ ಕೆಲವು ವಾರಗಳ ಮೊದಲು. ಅದನ್ನು ಮೇಡಂ ಖಾಲಿ ಚೀಲಗಳ ಸಮೇತ ಮನೆಮನೆಗೆ ತಾವೇ ತಂದುಕೊಟ್ಟರು. ನಮ್ಮ ಮನೆಯ ಅಂಗಳದಲ್ಲಿ ಎಮ್ಮೆ ಕಟ್ಟಿತ್ತು. ಅವರು ಒಳಗೆ ಬರಲೊಪ್ಪದೆ ಬೀದಿಯಲ್ಲೇ ನಿಂತರು.

“ಯಜಮಾನ್ರೆ! ನಿಮ್ಮ ಹೊಲ ಹುಳಿ ಇದೆ. ಸುಣ್ಣ ಹಾಕ್ಬೇಕು. ಮೂಲೇಲಿ ಸ್ವಲ್ಪ ಜಾಸ್ತಿ.”

ಎದುರು ಮನೆಯವರು ಹೊರಗೆ ಬಂದು ನಿಂತರು. ಅಪ್ಪ ಎಮ್ಮೆಯ ಹಗ್ಗ ಹಿಡಿದುಕೊಂಡೇ ಕೇಳಿದರು. “ಅಂದ್ರೆ ಪಾಸಾ, ಫೇಲಾ?”

“ಇದ್ರಲ್ಲಿ ಆ ಕಾಲಮ್ಮೇ ಇಲ್ಲ! ಏನು ಕಮ್ಮಿ ಇದೆ, ಎಷ್ಟು ಹಾಕ್ಬೇಕು, ಅಷ್ಟೇ ಬರೆದಿರೋದು. ಆ ಎಮ್ಮೇನ ಗಟ್ಟಿ ಹಿಡ್ಕೊಳ್ಳಿ, ನಾನು ಪಕ್ಕದ ಮನೆಗೆ ಹೋಗ್ಬೇಕು!”

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ತಟ್ಟೆಯನ್ನೇ ನೋಡುತ್ತಾ ಕೇಳಿದರು. “ನಿಂದು ಎಷ್ಟು ಕಮ್ಮಿ ಬಿದ್ದಿತ್ತು?”

“ಹನ್ನೊಂದು.”

“ಬರೀ ಹನ್ನೊಂದಾ?” ಅಪ್ಪ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟರು. “ನಾನು ಪೂರ್ತಿ ಹೋಗಿದೆ ಅಂದ್ಕೊಂಡಿದ್ದೆ ಕಣೋ.” ತುತ್ತನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದರು. “ಅಷ್ಟು ಹಾಕ್ಬೋದಲ್ವಾ?”

ಹಾಕಬಹುದು ಎಂದೆ. ನಾನು ವರ್ಕ್‌ಶಾಪಿಗೆ ಬರುವುದಿಲ್ಲವೆಂದು ಮಾವನಿಗೆ ಹೇಳಿ ಕಳುಹಿಸಿದ್ದು ಅಪ್ಪನೇ. ಶಿವಮೊಗ್ಗದ ಪರೀಕ್ಷಾ ಕೇಂದ್ರದವರೆಗೆ ಜೊತೆಗೆ ಬಂದವರೂ ಅವರೇ. ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಪೂರ್ತಿ ಮೂರು ಗಂಟೆ ಕೂತಿದ್ದರು.

ತೇರ್ಗಡೆಯಾದ ಸುದ್ದಿಯನ್ನು ಮೇಡಂಗೆ ತಿಳಿಸಿದಾಗ ಅವರು ಕುಂಸಿಯ ಬಸ್ ನಿಲ್ದಾಣದಲ್ಲಿದ್ದರು. “ಹಾಗಾದ್ರೆ ಬಿ.ಎಸ್ಸಿ. ಸೇರ್ಕೋ,” ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಹಾಕಿ, “ಲೋ, ನಿಮ್ಮ ಚೀಲದ ಜೊತೆ ಇಲಾಖೆ ಚೀಲ ಒಂದು ನಿನ್ನ ಹತ್ರಾನೇ ಉಳ್ಕೊಂಡಿದೆ. ವಾಪಸ್ ಕೊಡ್ಬೇಕು!” ಎಂದು ಕೂಗಿದರು. ಕೊಡಲು ಆಗಲಿಲ್ಲ. ನಾನು ಕಾಲೇಜಿಗೆ ಸೇರಿದ ವರ್ಷವೇ ಅವರಿಗೆ ವರ್ಗವಾಯಿತು.

ಎರಡು ವರ್ಷಗಳ ಹಿಂದೆ ಯುವಕ ಸಂಘದ ಗೆಳೆಯನೊಬ್ಬ ಫೋನು ಮಾಡಿ, “ಮಣ್ಣಿನ ಮೇಡಂ ಹೋಗ್ಬಿಟ್ರಂತೆ ಕಣೋ,” ಎಂದ. ನಿವೃತ್ತರಾದ ಮೇಲೆ ಅವರು ಭದ್ರಾವತಿಯ ಹಳೆಯ ಮನೆಯಲ್ಲೇ ಇದ್ದರಂತೆ. ನಾನು ಈ ಊರಿಗೆ ಬಂದು ಆಗಲೇ ಬಹಳ ವರ್ಷಗಳಾಗಿದ್ದವು. ಪ್ರತಿ ವಾರ ಸೇತುವೆ ದಾಟಿ ಸಂತೆಗೆ ಹೋಗುತ್ತಿದ್ದೆ. ವರ್ಗವಾಗಿ ಹೋದವರು ಇಲ್ಲಿಗೇ ಮರಳಿರಬಹುದೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಒಂದು ಸಲ ಮಾತ್ರ, ತರಕಾರಿ ಸಾಲಿನಲ್ಲಿ ಬೀಡಾಡಿ ಹಸುವೊಂದು ನುಗ್ಗಿದಾಗ, ಸೀರೆಯುಟ್ಟ ಗಿಡ್ಡನೆಯ ಮುದುಕಿಯೊಬ್ಬರು ಚೀಲವನ್ನೂ ಬಿಟ್ಟು ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದ್ದನ್ನು ಕಂಡಿದ್ದೆ. ಜನ ನಗುತ್ತಿದ್ದರು. ನಾನು ಮುಂದೆ ಹೋಗಿಬಿಟ್ಟೆ. ಕಾಲಲ್ಲಿ ಬೂಟು ಇತ್ತೇ ಎಂದು ಎಷ್ಟು ನೆನಪಿಸಿಕೊಂಡರೂ…

ಕಳೆದ ವಾರ, ಮಣ್ಣು ಕಂಡ ಅಂದೇ, ಅದನ್ನು ಹರಡಿ ಹೋಗಿದ್ದ ಆ ವಿದ್ಯಾರ್ಥಿನಿಯನ್ನು ಕರೆದು ಅದು ಎಲ್ಲಿಯ ಮಣ್ಣೆಂದು ವಿಚಾರಿಸಿದೆ.

“ನಮ್ಮನೆ ಗುಲಾಬಿ ಕುಂಡದ್ದು ಸರ್. ಜರಡಿ ಹಿಡಿದಿದೀನಿ.”

“ಹಿತ್ತಲಿನದನ್ನು ಏಕೆ ತರಲಿಲ್ಲ?”

“ಅಯ್ಯೋ, ಅಲ್ಲಿ ಏನೂ ಬೆಳೆಯಲ್ಲ ಸರ್. ಪ್ರದರ್ಶನದಲ್ಲಿ ಎಲ್ರೂ ನೋಡ್ತಾರಲ್ಲ…”

ಮರುದಿನ ಮನೆಯಿಂದ ಆ ಚೀಲವನ್ನು ತಂದೆ. ಒಗೆದೂ ಒಗೆದೂ ಅದರ ಮೇಲಿದ್ದ ಇಲಾಖೆಯ ಅಕ್ಷರಗಳು ಮಾಸಿಹೋಗಿವೆ. ಹೊಲಿಗೆ ಇನ್ನೂ ಗಟ್ಟಿಯಾಗಿದೆ. ಏನೂ ಬೆಳೆಯದ ಆ ಜಾಗದಿಂದಲೇ ತಾ ಎಂದು ಅವಳ ಕೈಗೆ ಕೊಟ್ಟೆ. ಅವಳು ಬಾಗಿಲು ದಾಟುವಾಗ, ಚೀಲವನ್ನು ವಾಪಸ್ ಕೊಡಬೇಕು ಎಂದು ಹಿಂದಿನಿಂದ ಕೂಗಿದೆ. ಅವಳು “ಸರಿ ಸರ್” ಎಂದು ಹೋದಳು. ವಾಪಸ್ ಬಂದರೆ ಅದನ್ನು ಯಾರಿಗೆ ಮುಟ್ಟಿಸಬೇಕು ಎಂಬುದು ಮಾತ್ರ ನನಗೆ ಈಗ ತಿಳಿಯದು…