ನಾನು ಬೆರಳಿಟ್ಟ ಜಾಗ

ಸಿದ್ದಮ್ಮ, ನಿನ್ನ ರಾಜೀನಾಮೆ ಪತ್ರ ಟೈಪ್ ಮಾಡಿದವನು ನಾನು. ಮೋಸದಿಂದ ಅದಕ್ಕೆ ನಿನ್ನ ಸಹಿ ಹಾಕಿಸಿದವನೂ ನಾನೇ. ಆಫೀಸಿನಲ್ಲಿ ಯಾರೋ ಕಾಗದ ಬದಲಾಯಿಸಿದರೆಂದು ಒಂಬತ್ತು ವರ್ಷದಿಂದ ನೀನು ನಂಬಿದ್ದೀಯ — ಹಾಗೆ ನಂಬಿಸಿದವನೂ...

ಪಂಚಾಯಿತಿ ಅಧ್ಯಕ್ಷೆಯಾದ ವಾರವೇ ನೀನು ನರಸೀಪುರದ ನನ್ನ ಟೈಪಿಂಗ್ ಅಂಗಡಿ ಹುಡುಕಿಕೊಂಡು ಬಂದೆ. ನಿನಗೆ ಹೆಸರು ಬರೆಯಲಷ್ಟೇ ಬರುತ್ತಿತ್ತು. ಕಾಗದಗಳನ್ನು ನಾನು ಓದಿ ಹೇಳುತ್ತಿದ್ದೆ. ನಾನು ಬೆರಳಿಟ್ಟ ಜಾಗದಲ್ಲಿ ನೀನು ಸಹಿ ಹಾಕುತ್ತಿದ್ದೆ. ಆವತ್ತು ನಿಮ್ಮ ಕಾಲೋನಿಯ ನೀರಿನ ಪೈಪಿನ ಅರ್ಜಿ ಎಂದೆ. ಕಾಗದದಲ್ಲಿ ಇಲ್ಲದ್ದನ್ನೆಲ್ಲ ಓದಿದೆ — ಸರಾಗವಾಗಿ, ಒಂದು ಕಡೆಯೂ ತಡವರಿಸದೆ. ನೀನು ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಬರೆದೆ. ನನ್ನ ಮಗಳಿಗೆ ಅಂಗನವಾಡಿ ಕೆಲಸ ಕೊಡಿಸುತ್ತೇನೆಂದು, ನಿನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಉಪಾಧ್ಯಕ್ಷ ಮಾತು ಕೊಟ್ಟಿದ್ದ. ಕೊಡಿಸಿದ. ಅವಳು ಇವತ್ತಿಗೂ ಅಲ್ಲೇ ಕೆಲಸದಲ್ಲಿದ್ದಾಳೆ.

ವಿಷಯ ತಿಳಿದು ನೀನು ಓಡಿ ಬಂದಾಗ ಪತ್ರ ವಾಪಸ್ ಪಡೆಯಲು ಇನ್ನೂ ದಿನಗಳಿದ್ದವು. ಇನ್ನು ಆಗುವುದಿಲ್ಲ ಎಂದುಬಿಟ್ಟೆ ನಾನು. ಸಿದ್ದಮ್ಮ ಕುರ್ಚಿ ಮಾರಿಕೊಂಡಳು ಅಂತ ನಿಮ್ಮ ಕಾಲೋನಿಯವರೇ ಆಡಿಕೊಂಡರು. ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದೆ.

ಹೋದ ಭಾನುವಾರ, ನೀನೀಗ ಮಗಳ ಜೊತೆಗಿರುವ ನಂಜನಗೂಡಿನಲ್ಲಿ, ಅವಳು ನಮ್ಮಿಬ್ಬರನ್ನೂ ಮ್ಯಾಟಿನಿಗೆ ಕರೆದುಕೊಂಡು ಹೋದಳು. ಒಬ್ಬ ಮಂತ್ರಿಯನ್ನು ಪಿತೂರಿ ಮಾಡಿ ಇಳಿಸುವ ಸಿನಿಮಾ. ಅವನ ನಂಬಿಕೆಯ ಸೆಕ್ರೆಟರಿ ಫೈಲು ತೆರೆದು, ಸಹಿಯ ಜಾಗದ ಮೇಲೆ ಬೆರಳಿಟ್ಟ. ಪರದೆ ತುಂಬ ಆ ಬೆರಳು. ನಾನು ಕೈ ಜೇಬಿಗೆ ತುರುಕಿಕೊಂಡೆ.

ಕೊನೆಗೆ ಮಂತ್ರಿ ಒಬ್ಬನೇ ಮೆಟ್ಟಿಲಿಳಿದು ಹೋಗುವಾಗ ನೀನು ಬಿಕ್ಕಿ ಬಿಕ್ಕಿ ಅತ್ತೆ — ನಿನ್ನ ಕುರ್ಚಿ ಹೋದಾಗ ಒಂದು ಹನಿ ಕಣ್ಣೀರೂ ಹಾಕದವಳು. ನನಗೂ ಅಳು ಬಂತು. ನಾಚಿಕೆಗೇಡು, ಆ ಸಿನಿಮಾದ ಮಂತ್ರಿಗಾಗಿ ಬಂತು! ನಿನಗಾಗಿ ಒಂಬತ್ತು ವರ್ಷದಲ್ಲಿ ಒಮ್ಮೆಯೂ... ಲೈಟು ಹತ್ತಿದ ಮೇಲೆ ನೀನು ನನ್ನ ತೋಳು ಹಿಡಿದುಕೊಂಡೆ.

“ಆವಯ್ಯಂಗೆ ನಂಬ್ಕೊಳ್ಳಾಕೆ ಒಬ್ರೂ ಇರ್ನಿಲ್ಲ ಕಣಣ್ಣ. ನಂಗೆ ನೀವಾದ್ರೂ ಇದ್ರಿ.”

ಹೇಳಲೆಂದೇ ಬಾಯಿ ತೆರೆದೆ. ಟೀ ಕುಡಿಯೋಣವಾ ಎಂದು ಕೇಳಿದೆ.

ಮಗಳ ಕೆಲಸದ ಆಸೆ ಒಂದು ಕಾರಣವೇ ಅಲ್ಲ. ಕ್ಷಮಿಸು ಎನ್ನುವ ಮುಖವೂ ನನಗಿಲ್ಲ. ನಾಳೆ ಬೆಳಿಗ್ಗೆಯ ಬಸ್ಸಿಗೆ ನಂಜನಗೂಡಿಗೆ ಬರುತ್ತೇನೆ. ಈ ಕಾಗದವನ್ನೂ ನಿನಗೆ ನಾನೇ ಓದಿ ಹೇಳಬೇಕು. ನಿನ್ನ ಮಗಳನ್ನು ನನ್ನ ಪಕ್ಕದಲ್ಲೇ ಕೂರಿಸು ಸಿದ್ದಮ್ಮ. ನಾನು ಓದುತ್ತಿರುವುದೇ ಇದರಲ್ಲಿ ಬರೆದಿದೆಯೇ ಎಂದು ಅವಳು ನೋಡಿಕೊಳ್ಳಲಿ.